‘ಆರಾಮ ಅದೀನಿ’ ಅಂದರೆ ನಂಬಬೇಡಿ

ಮಂಡಿ ಆಪರೇಷನ್ ಮಾಡಿಸಿಕೊಂಡು ಅತ್ತೆಯೋ ಅವ್ವನೋ ಬೇವೂರಿಗೆ ಮರಳಿದರೆ ಓಣಿಯೆಲ್ಲ ನೋಡಲು ಬರುತ್ತದೆ. ‘ಆರಾಮ ಅದೀನಿ’ ಎನ್ನುತ್ತಾರೆ ಅವರು. ಹೊಲಿಗೆ ಜಿನುಗುತ್ತಿದ್ದರೂ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾರೆ. ಮಕ್ಕಳಿಗೆ ಮತ್ತೆ ಖರ್ಚು ಎಂಬ ಅಳುಕು.

ಗೆಳತಿಯರೇ, ಈ ಮೌನವೇ ಅಪಾಯ. ಕೃತಕ ಕೀಲಿಗೆ ಸೋಂಕಾಗುವುದು ನೂರರಲ್ಲಿ ಒಬ್ಬಿಬ್ಬರಿಗೆ ಮಾತ್ರ, ನಿಜ. ಆದರೆ ಲೋಹದ ಮೇಲೆ ಕುಳಿತ ರೋಗಾಣುಗಳು ಲೋಳೆಯಂಥ ಪದರ ಕಟ್ಟಿಕೊಂಡರೆ ಬರೀ ಮಾತ್ರೆಗೆ ಜಗ್ಗುವುದಿಲ್ಲ. ಕೆಲವೇ ವಾರಗಳಲ್ಲಿ ಗೊತ್ತಾದರೆ ಕೀಲು ಉಳಿಸಿಕೊಂಡೇ ಒಳಗೆಲ್ಲ ತೊಳೆದು, ಆ್ಯಂಟಿಬಯಾಟಿಕ್ ಕೊಟ್ಟು ಗುಣಪಡಿಸಲು ಸಾಧ್ಯ. ತಡವಾದರೆ ಕೀಲನ್ನೇ ತೆಗೆದು, ಔಷಧ ಬೆರೆಸಿದ ಸಿಮೆಂಟ್ ಇಟ್ಟು, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಹೊಸದನ್ನು ಕೂಡಿಸಬೇಕಾದೀತು.

ನೋವು ಹೆಚ್ಚಿದರೆ, ಕೆಂಪಾದರೆ, ಜಿನುಗಿದರೆ ಆಪರೇಷನ್ ಮಾಡಿದ ಡಾಕ್ಟರ ಬಳಿ ಕೂಡಲೇ ಹೋಗಿ. ಜ್ವರ ಇಲ್ಲದೆಯೂ ಸೋಂಕಿರಬಹುದು. ಔಷಧಿ ಅಂಗಡಿಯ ಮಾತ್ರೆ ನುಂಗಿಸಬೇಡಿ. ಕೀಲಿನ ನೀರು ಪರೀಕ್ಷಿಸಿದಾಗ ರೋಗಾಣು ಪತ್ತೆಯಾಗದೇ ಹೋದೀತು. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ. ದೂರವೆನಿಸಿದರೆ ಕೊಪ್ಪಳದಲ್ಲೇ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಖರ್ಚಿನ ಚಿಂತೆಯಿದ್ದರೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ನೆರವು ಸಿಗುವುದೇ ಎಂದು ಆಸ್ಪತ್ರೆಯಲ್ಲೇ ವಿಚಾರಿಸಿ.

ಗಾಯ ಮಾಯ್ದ ಮಾತ್ರಕ್ಕೆ ಗೆದ್ದಂತಲ್ಲ. ನೋವಿಲ್ಲದೆ ನಡೆಯುತ್ತಾರಾ? ಮೆಟ್ಟಿಲು ಹತ್ತುತ್ತಾರಾ? ರಾತ್ರಿ ನಿದ್ದೆ ಬರುತ್ತದಾ? ಔಷಧ ನಿಲ್ಲಿಸಿದ ಮೇಲೂ ಸೋಂಕು ಮರಳಿಲ್ಲವಾ? ಕನಿಷ್ಠ ಎರಡು ವರ್ಷ ಇದನ್ನೆಲ್ಲ ಗಮನಿಸಿದ ಮೇಲೇ ಚಿಕಿತ್ಸೆ ಫಲಿಸಿತು ಎನ್ನಬೇಕು. ಡಾಕ್ಟರ ಮುಂದೆಯೂ ಈ ಪ್ರಶ್ನೆಗಳನ್ನೇ ಇಡಿ.

ಇವತ್ತೇ ಅವ್ವನ ಪಕ್ಕ ಕುಳಿತು ‘ಎಲ್ಲಿ, ಕಾಲು ತೋರಿಸು’ ಅನ್ನಿ.