ಗಾಡಿಯ ಮೈ ಬದಲಿಸುವ ಮುನ್ನ ಅದರ ಉಸಿರು ನೋಡಿ

ಕಬ್ಬಿನ ಬಿಲ್ಲು ಕೈಗೆ ಬಂತೆಂದರೆ ಹಿಂದೆಲ್ಲ ಮನೆಯಲ್ಲಿ ಮದುವೆ, ಬೋರ್‌ವೆಲ್, ಟ್ರ್ಯಾಕ್ಟರ್ ಮಾತು ನಡೆಯುತ್ತಿತ್ತು. ಈಗ ಆ ಪಟ್ಟಿಗೆ ಇನ್ನೊಂದು ಸೇರಿದೆ. ಮನೆಯ ಹುಡುಗ ಪುಣೆ ಕಡೆಯಿಂದ ಸೆಕೆಂಡ್ ಹ್ಯಾಂಡ್ ಟರ್ಬೊ ಕಾರು ತರಬೇಕು, ಅದಕ್ಕೆ ಬಾಡಿ ಕಿಟ್ ಹಾಕಿಸಬೇಕು. ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ಕನ್ನಡ ಮನೆಗಳಲ್ಲಿ ಇದು ಹೊಸ ಮಾತಾಗಿ ಉಳಿದಿಲ್ಲ. ದ್ರಾಕ್ಷಿ, ದಾಳಿಂಬೆಯ ದುಡ್ಡು ಬಂದ ವರ್ಷ ಈ ಮಾತು ಇನ್ನಷ್ಟು ಜೋರು.

ಹಿರಿಯರು ಕೇಳುವುದು ಒಂದೇ ಪ್ರಶ್ನೆ: 'ಏನ್ ತಮ್ಮಾ, ಛಲೋ ಇದ್ದ ಗಾಡಿ ಯಾಕ ಬಿಚ್ಚಲಿಕತ್ತಿ?' ಹುಡುಗರ ಉತ್ತರವೂ ಒಂದೇ: 'ನಿಮಗ ತಿಳಿಯಂಗಿಲ್ಲ ಬಿಡ್ರಿ ಅಪ್ಪಾ.' ಮಾತು ಅಲ್ಲಿಗೇ ನಿಲ್ಲುತ್ತದೆ. ನಿಲ್ಲಬಾರದು. ಗಾಡಿಯ ಮೈ ಬದಲಿಸುವುದು ಬರೀ ಶೋಕಿಯ ವಿಷಯವಲ್ಲ. ಅದರಲ್ಲಿ ಮನೆಯ ದುಡ್ಡು ಇದೆ, ಅಪ್ಪನ ಸಹಿ ಇದೆ, ಗಾಡಿಯಲ್ಲಿ ಕೂಡುವವರ ಜೀವವೂ ಇದೆ.

ಹವ್ಯಾಸವೇ ತಪ್ಪು ಎಂದು ಹೇಳುವುದು ಸರಿಯಲ್ಲ. ಎತ್ತಿಗೆ ಜೂಲ ಹಾಕಿ, ಕೊಂಬಿಗೆ ಬಣ್ಣ ಬಳಿದ ನಾಡು ಇದು. ತನ್ನ ಗಾಡಿ ನಾಲ್ಕು ಜನರ ಗಾಡಿಗಿಂತ ಬೇರೆಯಾಗಿ ಕಾಣಲಿ ಎಂಬ ಆಸೆ ಸಹಜ. ಆದರೆ ಎತ್ತನ್ನು ಸಿಂಗರಿಸುವಾಗ ಯಾರೂ ಅದರ ಮೂಗು ಕಟ್ಟುತ್ತಿರಲಿಲ್ಲ. ಟರ್ಬೊ ಗಾಡಿಗೆ ಕಿಟ್ ಹಾಕುವಾಗ ಆಗುವ ತಪ್ಪು ಇದೇ.

ಟರ್ಬೊ ಎಂದರೆ ಉಸಿರಿನ ಆಟ

ಟರ್ಬೊ ಚಾರ್ಜರ್ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುತ್ತದೆ. ಒತ್ತಿದ ಗಾಳಿ ಕಾಯುತ್ತದೆ. ಸೈಕಲ್ ಪಂಪು ಹೊಡೆದವರಿಗೆಲ್ಲ ಇದು ಗೊತ್ತು. ಟರ್ಬೊದಿಂದ ಹೊರಬರುವ ಗಾಳಿ 100 ಡಿಗ್ರಿ ದಾಟುವುದು ಸಾಮಾನ್ಯ. ಕಾದ ಗಾಳಿ ತೆಳ್ಳಗಾಗುತ್ತದೆ, ಶಕ್ತಿ ಇಳಿಯುತ್ತದೆ, ಇಂಜಿನ್ ಒಳಗೆ ನಾಕಿಂಗ್ ಶುರುವಾಗುತ್ತದೆ. ಅದನ್ನು ತಂಪು ಮಾಡಲಿಕ್ಕೆ ಇಂಟರ್‌ಕೂಲರ್ ಇರುತ್ತದೆ. ಆ ಇಂಟರ್‌ಕೂಲರ್‌ಗೆ ಗಾಳಿ ಬರುವ ದಾರಿಯೇ ಬಂಪರ್, ಗ್ರಿಲ್, ಬಾನೆಟ್.

ಜಪಾನಿನ ಸುಬಾರು ಡಬ್ಲ್ಯೂ.ಆರ್.ಎಕ್ಸ್. ಕಾರಿನ ಬಾನೆಟ್ ಮೇಲೆ ಒಂದು ಬಾಯಿ ತೆರೆದಿರುತ್ತದೆ. ನೋಡಿದವರು ಅದು ಅಲಂಕಾರ ಅಂದುಕೊಳ್ಳುತ್ತಾರೆ. ಅದರ ಕೆಳಗೇ ಇಂಟರ್‌ಕೂಲರ್ ಇದೆ. ಆ ಬಾನೆಟ್ ತೆಗೆದು ಬಾಯಿಯಿಲ್ಲದ ನುಣುಪಾದ ಬಾನೆಟ್ ಹಾಕಿದರೆ ಗಾಡಿಯ ಮೂಗು ಮುಚ್ಚಿದಂತೆಯೇ. ಮಿತ್ಸುಬಿಷಿ ಲ್ಯಾನ್ಸರ್ ಇವೊದಲ್ಲಿ ಇಂಟರ್‌ಕೂಲರ್ ಮುಂದಿನ ಬಂಪರ್ ಹಿಂದೆಯೇ ಇರುತ್ತದೆ. ಅಲ್ಲಿ ಬಂಪರಿನ ಬಾಯಿ ಎಷ್ಟು ಅಗಲ ಎಂಬುದೇ ಲೆಕ್ಕ. 1978ರಲ್ಲಿ ಬಂದ 3.3 ಲೀಟರಿನ ಪೋರ್ಶೆ 911 ಟರ್ಬೊದಲ್ಲಂತೂ ಇಂಟರ್‌ಕೂಲರ್ ಇದ್ದದ್ದು ಹಿಂದಿನ ಸ್ಪಾಯ್ಲರಿನ ಕೆಳಗೆ. ಅಂದರೆ ದೊಡ್ಡ ಕಂಪನಿಗಳು ಮೈ ತಿದ್ದುವುದು ಚಂದಕ್ಕಷ್ಟೇ ಅಲ್ಲ. ಒಂದೊಂದು ಉಬ್ಬು ತಗ್ಗಿಗೂ ಕೆಲಸ ಇರುತ್ತದೆ.

ಇಷ್ಟು ದುಬಾರಿ ಗಾಡಿಗಳು ನಮ್ಮ ಕಡೆ ಎಲ್ಲಿವೆ ಎಂದು ಕೇಳಬಹುದು. ನಮ್ಮ ರಸ್ತೆಗಳಲ್ಲಿ ಓಡುವ ಗಾಡಿಯನ್ನೇ ತೆಗೆದುಕೊಳ್ಳೋಣ. ಫೋಕ್ಸ್‌ವ್ಯಾಗನ್ ಪೋಲೊ ಜಿ.ಟಿ. ಟಿ.ಎಸ್.ಐ. 2013ರಲ್ಲಿ ಬಂತು. 1.2 ಲೀಟರ್ ಟರ್ಬೊ, 105 ಪಿ.ಎಸ್. ಶಕ್ತಿ. ಪುಣೆ ಹತ್ತಿರದ ಚಾಕಣದಲ್ಲಿ ತಯಾರಾಗುತ್ತಿದ್ದ ಪೋಲೊ 2022ರಲ್ಲಿ ನಿಂತಿತು. ಹೊಸದು ಸಿಗುವುದಿಲ್ಲವಾದ್ದರಿಂದ ಹಳೆಯದಕ್ಕೇ ಬೇಡಿಕೆ. ಅದಕ್ಕೆ ಹುಡುಗರು ಮೊದಲು ಹುಡುಕುವುದು ಜಿ.ಟಿ.ಐ. ಮಾದರಿಯ ಬಂಪರ್. ನಿಜವಾದ ಪೋಲೊ ಜಿ.ಟಿ.ಐ. ಭಾರತಕ್ಕೆ 2016ರಲ್ಲಿ ಬಂತು. 1.8 ಲೀಟರ್, 192 ಪಿ.ಎಸ್., ಬೆಲೆ 25 ಲಕ್ಷದ ಮೇಲೆ. ಬಂಪರ್ ಬದಲಿಸಿದ ಮಾತ್ರಕ್ಕೆ 105 ಎಂಬುದು 192 ಆಗುವುದಿಲ್ಲ ಎಂಬುದನ್ನು ಹೇಳಬೇಕಾಗಿಲ್ಲ.

ಈ 1.2 ಇಂಜಿನ್ನಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇದರ ಇಂಟರ್‌ಕೂಲರ್ ಬಂಪರಿನ ಹಿಂದೆ ಕಾಣುವುದಿಲ್ಲ. ಅದು ನೀರಿನಿಂದ ತಂಪಾಗುವ ಇಂಟರ್‌ಕೂಲರ್, ಇಂಜಿನ್ನಿಗೇ ಅಂಟಿಕೊಂಡಿರುತ್ತದೆ. 'ಇಲ್ಲಿ ಇಂಟರ್‌ಕೂಲರೇ ಇಲ್ಲ, ಬಾಯಿ ಮುಚ್ಚಿದರ ಏನಾಗ್ತದ' ಎಂದು ಗ್ರಿಲ್ಲಿಗೆ ದಪ್ಪ ಜಾಳಿ ಜಡಿದರೆ ತಪ್ಪಾಗುತ್ತದೆ. ಆ ನೀರನ್ನು ತಂಪು ಮಾಡುವ ಬೇರೆ ರೇಡಿಯೇಟರ್ ಮುಂದೆಯೇ ಇರುತ್ತದೆ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಸೊಲ್ಲಾಪುರದ ಬಿಸಿಲಿನಲ್ಲಿ ಗಾಳಿ ಕಡಿಮೆಯಾದರೆ ಕಂಪ್ಯೂಟರ್ ತಾನಾಗಿಯೇ ಇಂಜಿನ್ನಿನ ಶಕ್ತಿ ಇಳಿಸುತ್ತದೆ. ಗಾಡಿ ನೋಡಲಿಕ್ಕೆ ಹುಲಿ, ಓಡಲಿಕ್ಕೆ ಆಮೆ.

ಫೈಬರ್ ಹಗುರ ಎಂಬ ಭ್ರಮೆ

ಅಂಗಡಿಯವ ಹೇಳುವ ಮೊದಲ ಮಾತು: 'ಫೈಬರ್ ಅದ, ಹಗುರ ಅದ.' ಇದನ್ನು ಲೆಕ್ಕ ಹಾಕಿ ನೋಡಬೇಕು. ಉಕ್ಕು ಒಂದು ಲೀಟರ್ ಗಾತ್ರಕ್ಕೆ ಸುಮಾರು 7.85 ಕೆ.ಜಿ. ಫೈಬರ್ ಗ್ಲಾಸ್ ಸುಮಾರು 1.6 ಕೆ.ಜಿ. ಆದರೆ ಬಾನೆಟ್ಟಿನ ಉಕ್ಕಿನ ಪತ್ರಾ ಸುಮಾರು 0.7 ಮಿ.ಮೀ. ದಪ್ಪ, ಫೈಬರ್ ಗಟ್ಟಿಯಾಗಿರಬೇಕಾದರೆ 3 ಮಿ.ಮೀ. ಬೇಕು. ಒಂದು ಚದರ ಮೀಟರಿಗೆ ಉಕ್ಕು ಐದೂವರೆ ಕೆ.ಜಿ., ಫೈಬರ್ ಹತ್ತಿರ ಹತ್ತಿರ ಐದು ಕೆ.ಜಿ. ಮೇಲೆ ಸರಿಮಾಡಲು ಲಾಂಬಿ ಬಳಿದರೆ ಇದ್ದ ವ್ಯತ್ಯಾಸವೂ ಹೋಯಿತು.

ಬಂಪರಿನಲ್ಲಂತೂ ಲೆಕ್ಕ ತಿರುಗುಮುರುಗಾಗುತ್ತದೆ. ಕಂಪನಿಯ ಬಂಪರ್ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನದು. ಅದೇ 3 ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ 3 ಕೆ.ಜಿ. ಆಸುಪಾಸು. ಅದನ್ನು ತೆಗೆದು ಫೈಬರ್ ಹಾಕಿದರೆ ಗಾಡಿಯ ಮೂತಿ ಹಗುರವಾಗುವುದಿಲ್ಲ, ಭಾರವಾಗುತ್ತದೆ. ಲ್ಯಾನ್ಸರ್ ಇವೊ ಎಕ್ಸ್‌ನಲ್ಲಿ ಬಾನೆಟ್, ಮುಂದಿನ ಫೆಂಡರ್, ಛಾವಣಿ ಕಂಪನಿಯಿಂದಲೇ ಅಲ್ಯುಮಿನಿಯಂ. ಅಲ್ಲಿಯೂ ಅಗ್ಗದ ಫೈಬರ್‌ನಿಂದ ಲಾಭವಿಲ್ಲ.

ತೂಕಕ್ಕಿಂತ ದೊಡ್ಡ ಮಾತು ಒಡೆಯುವ ರೀತಿ. ಪ್ಲಾಸ್ಟಿಕ್ ಬಾಗುತ್ತದೆ, ಮತ್ತೆ ಮರಳುತ್ತದೆ. ಪತ್ರಾ ತಗ್ಗು ಬಿದ್ದರೆ ನಮ್ಮ ಡೆಂಟಿಂಗ್ ಮೇಸ್ತ್ರಿ ಬಡಿದು ನೆಟ್ಟಗೆ ಮಾಡುತ್ತಾನೆ. ಫೈಬರ್ ಬಾಗುವುದಿಲ್ಲ, ಸೀಳುತ್ತದೆ. ಊರೂರಿಗೆ ಎದ್ದಿರುವ ಸ್ಪೀಡ್ ಬ್ರೇಕರುಗಳಿಗೆ, ಹೊಲದ ದಾರಿಯ ಗಾಲಿ ಜಾಡುಗಳಿಗೆ ನೆಲಕ್ಕೆ ಇಳಿಬಿಟ್ಟ ಫೈಬರ್ ತುಟಿ ಎಷ್ಟು ದಿನ ತಾಳೀತು? ತುಟಿ, ಸ್ಕರ್ಟ್ ಬೇಕೇ ಬೇಕೆಂದರೆ ಬಾಗುವ ಪಾಲಿಯುರಿಥೇನ್ ಅಥವಾ ಪ್ಲಾಸ್ಟಿಕ್ ಮಾಲನ್ನೇ ಕೇಳಬೇಕು. ನಾಲ್ಕು ದುಡ್ಡು ಹೆಚ್ಚಾದರೂ ಎರಡು ಸಲ ಕೊಳ್ಳುವುದು ತಪ್ಪುತ್ತದೆ.

ಕಾರ್ಬನ್ ಫೈಬರ್ ಎಂದು ಮಾರುವ ಮಾಲಿನಲ್ಲಿಯೂ ಮೂರು ತರಹ. ಶಾಖ ಮತ್ತು ಒತ್ತಡದಲ್ಲಿ ಬೇಯಿಸಿದ ನಿಜವಾದ ಡ್ರೈ ಕಾರ್ಬನ್ ಹಗುರ, ಬೆಲೆ ಮಾತ್ರ ವಿಪರೀತ. ಕೈಯಿಂದ ರಾಳ ಬಳಿದ ವೆಟ್ ಕಾರ್ಬನ್ ಅದಕ್ಕಿಂತ ಭಾರ. ಮೂರನೆಯದು ಫೈಬರ್ ಗ್ಲಾಸಿನ ಮೇಲೆ ಒಂದೇ ಪದರ ಕಾರ್ಬನ್ ಅಥವಾ ಬರೀ ಸ್ಟಿಕ್ಕರ್. ಹಿಂಬದಿ ತಿರುಗಿಸಿ ನೋಡಿದರೆ ಬಣ್ಣ ಬಯಲಾಗುತ್ತದೆ. ಬೆಳಕಿಗೆ ಹಿಡಿದಾಗ ತೆಳು ದಪ್ಪ ಕಂಡರೆ, ಅಂಚು ಕೈಗೆ ಚುಚ್ಚಿದರೆ, ಗುಳ್ಳೆಗಳಿದ್ದರೆ ಮಾಲು ಅಲ್ಲೇ ಬಿಟ್ಟು ಬರುವುದು ಜಾಣತನ.

ಬಂಪರಿನ ಒಳಗಿನ ಬಂಪರ್

ನಾವು ಬಂಪರ್ ಎನ್ನುವುದು ನಿಜವಾಗಿ ಹೊದಿಕೆ. ಒಳಗೆ ಲೋಹದ ಅಡ್ಡ ಪಟ್ಟಿ ಇರುತ್ತದೆ. ಡಿಕ್ಕಿ ಹೊಡೆದಾಗ ಪೆಟ್ಟು ತಿನ್ನುವುದು ಅದು. ದೊಡ್ಡ ಇಂಟರ್‌ಕೂಲರ್ ಅಥವಾ ಹೊಸ ಕಿಟ್ ಕೂಡುವುದಿಲ್ಲವೆಂದು ಕೆಲವು ಕಡೆ ಆ ಪಟ್ಟಿಯನ್ನೇ ಕಟರಿನಿಂದ ಕೊಯ್ಯುತ್ತಾರೆ. ಮೇಲೆ ಹೊಸ ಬಂಪರ್ ಕೂತ ಮೇಲೆ ಅಪ್ಪನಿಗೆ, ಅವ್ವನಿಗೆ ಏನೂ ಕಾಣುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಹಿಂದೆ ಲೈಟ್ ಇಲ್ಲದ ಟ್ರಾಲಿ ರಾತ್ರಿ ದಿಢೀರನೆ ಎದುರಾದಾಗ ಆ ಪಟ್ಟಿ ಇತ್ತೋ ಇಲ್ಲವೋ ಗೊತ್ತಾಗುತ್ತದೆ. ಆಗ ಗೊತ್ತಾಗಿ ಪ್ರಯೋಜನವಿಲ್ಲ. ಏರ್‌ಬ್ಯಾಗಿನ ಸೆನ್ಸರುಗಳೂ ಮುಂಭಾಗದಲ್ಲೇ ಇರುತ್ತವೆ. ಅವುಗಳ ಜಾಗ ಅಲುಗಬಾರದು.

ಬಾನೆಟ್ಟಿಗೂ ಇದೇ ಮಾತು. ಕಂಪನಿಯ ಬಾನೆಟ್ಟಿನ ಒಳಗೆ ಅಪಘಾತದಲ್ಲಿ ಮಡಚಿಕೊಳ್ಳುವಂತೆ ಚೌಕಟ್ಟು ಇರುತ್ತದೆ. ತೆಳು ಫೈಬರ್ ಬಾನೆಟ್ಟಿನಲ್ಲಿ ಲಾಕ್ ಹಿಡಿದಿರುವ ಜಾಗ ಕಿತ್ತರೆ, ಹೆದ್ದಾರಿಯ ವೇಗದಲ್ಲಿ ಅದು ಎದ್ದು ಮುಂದಿನ ಗಾಜಿಗೆ ಬಡಿಯುತ್ತದೆ. ಅದಕ್ಕೆಂದೇ ರೇಸಿನವರು ಬೇರೆ ಪಿನ್ನುಗಳನ್ನು ಹಾಕುತ್ತಾರೆ. ನಿತ್ಯ ಓಡಾಡುವ ಗಾಡಿಗೆ ಕಂಪನಿಯ ಬಾನೆಟ್ಟೇ ಇರಲಿ ಎನ್ನುವುದು ಹೆಚ್ಚು ವಿವೇಕದ ಮಾತು.

ದಂಡ ಕಟ್ಟುವವರು ಯಾರು?

2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸ್ಪಷ್ಟವಾಗಿ ಹೇಳಿತು: ತಯಾರಕರು ಕೊಟ್ಟ, ಆರ್.ಸಿ.ಯಲ್ಲಿ ನಮೂದಾದ ವಿವರಗಳಿಗೆ ಹೊಂದದಂತೆ ವಾಹನ ಬದಲಿಸುವಂತಿಲ್ಲ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೆ 5000 ರೂ. ದಂಡ ಅಥವಾ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ. ಮುಂದೆ ಜಡಿಯುವ ಬುಲ್ ಬಾರುಗಳ ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ.

ಒಡೆದ ಬಂಪರ್ ತೆಗೆದು ಅದೇ ಅಳತೆಯದು ಹಾಕಿದರೆ ಯಾರ ತಕರಾರೂ ಇಲ್ಲ. ಫೆಂಡರ್ ಕೊಯ್ದು ಗಾಡಿ ಅಗಲ ಮಾಡುವುದು, ಆರ್.ಸಿ.ಯಲ್ಲಿ ಬರೆಸದೆ ಇಡೀ ಗಾಡಿಯ ಬಣ್ಣ ಬದಲಿಸುವುದು ಬೇರೆ ಮಾತು. ಜಪಾನಿನ ಅಕಿರಾ ನಕಾಯ್ ಪೋರ್ಶೆ ಕಾರುಗಳ ಫೆಂಡರ್ ಕೊಯ್ದು ಅಗಲ ಮಾಡಿಯೇ ಜಗತ್ಪ್ರಸಿದ್ಧರಾದರು. ಅವರ ಕೈಚಳಕ ದೊಡ್ಡದು. ಆದರೆ ಒಮ್ಮೆ ಕೊಯ್ದ ಪತ್ರಾ ಮತ್ತೆ ಬೆಳೆಯುವುದಿಲ್ಲ, ನಮ್ಮ ಕಾನೂನೂ ಬೇರೆ.

ಇಲ್ಲಿ ಮನೆಯವರು ಗಮನಿಸಬೇಕಾದ ಸಂಗತಿ ಒಂದಿದೆ. ಕಾಯ್ದೆ ಹಿಡಿಯುವುದು ವಾಹನದ ಮಾಲೀಕನನ್ನು. ನಮ್ಮ ಕಡೆ ಎಷ್ಟೋ ಗಾಡಿಗಳು ಅಪ್ಪನ ಹೆಸರಿನಲ್ಲಿವೆ. ಶೋಕಿ ಮಗನದು, ನೋಟಿಸು ಅಪ್ಪನಿಗೆ. ಎಂ.ಎಚ್. 13 ಪಾಸಿಂಗ್ ಗಾಡಿ ಬೀಗರ ಊರಿಗೆಂದು ವಿಜಯಪುರ, ಕಲಬುರಗಿಗೆ ಹೋದರೂ ಕಾಯ್ದೆ ಅದೇ. ಗಡಿ ದಾಟಿದರೆ ಭಾಷೆಯ ಬೋರ್ಡು ಬದಲಾಗುತ್ತದೆ, ಕಲಮು ಬದಲಾಗುವುದಿಲ್ಲ.

ವಿಮೆಯದು ಇನ್ನೊಂದು ಪೇಚು. ಬದಲಾವಣೆಯನ್ನು ವಿಮಾ ಕಂಪನಿಗೆ ತಿಳಿಸದಿದ್ದರೆ ಅಪಘಾತದ ನಂತರ ಕ್ಲೇಮು ತಿರಸ್ಕರಿಸಲು ಅದೇ ಕಾರಣವಾಗಬಹುದು. ತಿಳಿಸಿದ್ದರೂ ಸಾಮಾನ್ಯ ಪಾಲಿಸಿಯಲ್ಲಿ ಫೈಬರ್ ಗ್ಲಾಸ್ ಭಾಗಗಳಿಗೆ ಶೇ. 30, ಪ್ಲಾಸ್ಟಿಕ್ ಭಾಗಗಳಿಗೆ ಶೇ. 50 ಸವಕಳಿ ಕಡಿತವಾಗುತ್ತದೆ. ಈ ಕಾಗದಗಳು ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಇರುತ್ತವೆ. ಕನ್ನಡ ಮಾತ್ರ ಓದಬಲ್ಲ ಹಿರಿಯರು ಮಗ ತೋರಿಸಿದಲ್ಲಿ ಸಹಿ ಹಾಕುತ್ತಾರೆ. ಓದಬಲ್ಲ ಮಗನೇ ಅದನ್ನು ಓದಿ ಹೇಳಬೇಕಲ್ಲವೇ?

ಹಾಗಾದರೆ ಏನು ಮಾಡಬೇಕು?

ಹವ್ಯಾಸವಿದ್ದವರು ಒಂದು ಸಣ್ಣ ಕ್ರಮ ಇಟ್ಟುಕೊಂಡರೆ ಸಾಕು. ಮೊದಲು ಗಾಳಿಯ ದಾರಿ: ಹೊಸ ಬಂಪರಿನ ಬಾಯಿ ಹಳೆಯದಕ್ಕಿಂತ ಚಿಕ್ಕದಿರಬಾರದು. ಎರಡನೆಯದು ಒಳಗಿನ ಪಟ್ಟಿ, ಸೆನ್ಸರು: ಒಂದನ್ನೂ ಕೊಯ್ಯಬಾರದು. ಮೂರನೆಯದು ಆರ್.ಸಿ. ಮತ್ತು ವಿಮೆ: ದುಡ್ಡು ಕೊಡುವ ಮುನ್ನವೇ ಕೇಳಬೇಕು. ನಾಲ್ಕನೆಯದು ಮಾಲು ಕೂಡುವ ರೀತಿ: ಬಣ್ಣ ಹೊಡೆಯುವ ಮೊದಲು ಒಮ್ಮೆ ಗಾಡಿಗೆ ಕೂಡಿಸಿ ಸಂದು ನೋಡಬೇಕು, ಬಣ್ಣ ಹೊಡೆದ ಮಾಲು ಅಂಗಡಿಯವ ವಾಪಸ್ ತಗೊಳ್ಳುವುದಿಲ್ಲ. ಚಂದ ಐದನೆಯದು. ಈಗ ಹುಡುಗರು ಐದನೆಯದರಿಂದ ಶುರು ಮಾಡಿ ಅಲ್ಲೇ ಮುಗಿಸುತ್ತಿದ್ದಾರೆ.

ತೆಗೆದ ಕಂಪನಿಯ ಬಂಪರನ್ನು ಭಂಗಾರಕ್ಕೆ ಹಾಕಬೇಡಿ, ಅಟ್ಟದ ಮೇಲಿರಲಿ. ನಾಳೆ ಗಾಡಿ ಮಾರುವಾಗ ಕೊಳ್ಳುವವ ಮೊದಲು ಕೇಳುವುದು ಅದನ್ನೇ. ದೂರದ ಊರಿನಿಂದ ಡಬ್ಬಿಯಲ್ಲಿ ಬರುವ ಕಿಟ್ಟಿಗಿಂತ ಊರಿನ ಹಳೆಯ ಮೇಸ್ತ್ರಿಯ ಸಲಹೆ ಅಗ್ಗ. ಯಾವ ಮಾಲು ಎಷ್ಟು ಮಳೆಗಾಲ ತಾಳಿತು ಎಂಬುದು ಅವನ ಕಣ್ಣೆದುರೇ ಇದೆ.

ತಂದೆತಾಯಂದಿರೂ 'ಬ್ಯಾಡ ಅಂದ್ರ ಬ್ಯಾಡ' ಎಂದು ಮಾತು ಮುರಿಯಬಾರದು. ಮುರಿದರೆ ಹುಡುಗ ಕದ್ದು ಮಾಡಿಸುತ್ತಾನೆ, ಕದ್ದು ಮಾಡಿಸಿದ ಕೆಲಸದಲ್ಲೇ ಒಳಗಿನ ಪಟ್ಟಿ ಕೊಯ್ಯುವುದು. ಗ್ಯಾರೇಜಿಗೆ ಅಪ್ಪನೂ ಒಮ್ಮೆ ಜೊತೆಗೆ ಹೋಗಲಿ, ಬಂಪರ್ ಬಿಚ್ಚಿದಾಗ ಒಳಗೆ ಏನಿದೆ ಎಂದು ಬಗ್ಗಿ ನೋಡಲಿ. 'ಇದನ್ನ ಮುಟ್ಟಬ್ಯಾಡ್ರಿ, ಉಳಿದದ್ದು ಅವನ ಮನಸಿನಂಗ ಮಾಡ್ರಿ' ಎಂಬ ಅಪ್ಪನ ಒಂದು ಮಾತು ಮೇಸ್ತ್ರಿಯ ಕಟರನ್ನು ನಿಲ್ಲಿಸುತ್ತದೆ.