ಮಾಜಿ ಸೈನಿಕ ತೀರಿಕೊಂಡ ಮೇಲೆ ಮನೆಯವರ ಪಿಂಚಣಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ?

ಘೋಡಗೇರಿ: ಡ್ಯೂಟಿ ಮೇಲೆ ಇದ್ದ ಯೋಧ ತೀರಿಕೊಂಡರೆ ಊರಿಗೆ ಊರೇ ಸೇರುತ್ತೆ. 2024ರ ಡಿಸೆಂಬರ್ 24ರಂದು ಪೂಂಛ್‌ನಲ್ಲಿ ಸೇನಾ ವಾಹನ ಕಂದಕಕ್ಕೆ ಬಿದ್ದು 11ನೇ ಮರಾಠಾ ಲಘು ಪದಾತಿ ದಳದ ಐವರು ತೀರಿಕೊಂಡರು. ಅದರಲ್ಲಿ ಮೂವರು ನಮ್ಮ ರಾಜ್ಯದವರು, ಒಬ್ಬರು ನಮ್ಮದೇ ಬೆಳಗಾವಿ ಜಿಲ್ಲೆಯವರು. ಅಂಥ ಸಾವಿನಲ್ಲಿ ಸೇನೆಯೇ ಮುಂದೆ ನಿಂತು ಕಾಗದಪತ್ರ ಮಾಡಿಸುತ್ತೆ.

ಆದರೆ ಹದಿನೇಳೋ ಇಪ್ಪತ್ತೋ ವರ್ಷ ಸೇವೆ ಮಾಡಿ, ಊರಿಗೆ ಬಂದು, ಹೊಲ ನೋಡಿಕೊಂಡೋ ಸೆಕ್ಯುರಿಟಿ ಕೆಲಸ ಮಾಡಿಕೊಂಡೋ ಇದ್ದು, ಮನೆಯಲ್ಲೇ ತೀರಿಕೊಂಡ ಮಾಜಿ ಸೈನಿಕನ ಕಥೆ ಬೇರೆ. ಮಣ್ಣಿಗೆ ಬಂದವರು ಸಂಜೆಗೆ ವಾಪಸ್ ಹೋಗ್ತಾರೆ. ಮರುದಿನದಿಂದ ಕಾಗದ ಹಿಡಿದು ಓಡಾಡೋದು ಆ ಮನೆಯ ಹೆಣ್ಣುಮಗಳು. ಹುಕ್ಕೇರಿ, ಗೋಕಾಕ, ಮೂಡಲಗಿ ಭಾಗದ ಹಳ್ಳಿಗಳಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ.

ಎಷ್ಟು ಬರುತ್ತೆ?

ಯಜಮಾನರ ಜೊತೆ ಪಿಂಚಣಿಯೂ ಹೋಯಿತು ಅಂತ ತಿಳಿದವರು ಇದ್ದಾರೆ. ಅಷ್ಟೇ ಪಿಂಚಣಿ ಕಡೇತನಕ ಬರುತ್ತೆ ಅಂತ ತಿಳಿದವರೂ ಇದ್ದಾರೆ. ಎರಡೂ ತಪ್ಪು.

ಸರಳ ಲೆಕ್ಕ ನೋಡಿ. ನಿವೃತ್ತಿ ವೇಳೆ ಸಂಬಳ 40,000 ರೂಪಾಯಿ ಇತ್ತು ಅಂದುಕೊಳ್ಳಿ. ಅವರ ಪಿಂಚಣಿ ಅರ್ಧ, ಅಂದರೆ 20,000. ಅವರು ತೀರಿಕೊಂಡ ಮೇಲೆ ಹೆಂಡತಿಗೆ ಮೊದಲು ಅಷ್ಟೇ ಬರುತ್ತೆ. ಆದರೆ ಅದು 7 ವರ್ಷ, ಇಲ್ಲವೇ ಗಂಡ ಬದುಕಿದ್ದರೆ 67 ತುಂಬುತ್ತಿದ್ದ ದಿನ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ. ಆಮೇಲೆ ಸಂಬಳದ ಶೇ. 30, ಅಂದರೆ 12,000. ಗಂಡ 65ಕ್ಕೆ ಹೋದರೆ ಎರಡೇ ವರ್ಷ ಪೂರ್ತಿ ಸಿಗುತ್ತೆ. 70ಕ್ಕೆ ಹೋದರೆ ಮೊದಲ ತಿಂಗಳಿಂದಲೇ 12,000. ಇದರ ಮೇಲೆ ತುಟ್ಟಿಭತ್ಯೆ ಸೇರುತ್ತೆ. 2016ರ ಜನವರಿಯಿಂದ ಮೂಲ ಕುಟುಂಬ ಪಿಂಚಣಿ 9,000ಕ್ಕಿಂತ ಕಡಿಮೆ ಇರುವಂತಿಲ್ಲ. 80 ದಾಟಿದ ವಿಧವೆಗೆ ಶೇ. 20 ಹೆಚ್ಚು.

ಗಂಟು ಬೀಳೋದು ಹೆಸರಲ್ಲಿ

ಹಣ ಇದ್ದರೂ ಯಾಕೆ ತಡ? ಮೊದಲ ಕಾರಣ ಹೆಸರು. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸೋದು ರೂಢಿ. ಸೇನೆಯ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ತವರುಮನೆ ಹೆಸರು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಅಡ್ಡಹೆಸರು ಮುಂದೆ. ಹುಟ್ಟಿದ ತಾರೀಖು ಮೂರು ಕಡೆ ಮೂರು. ಯಜಮಾನರು ಇದ್ದಾಗ ಒಂದು ಅರ್ಜಿಯಲ್ಲಿ ಮುಗಿಯೋ ಕೆಲಸ, ಅವರು ಹೋದ ಮೇಲೆ ಅಫಿಡವಿಟ್, ಪತ್ರ, ಓಡಾಟ ಅಂತ ತಿಂಗಳುಗಟ್ಟಲೆ ಎಳೆಯುತ್ತೆ.

ಎರಡನೆಯದು, ಆ ದಾಖಲೆ ಇರುವ ಜಾಗ. ಮರಾಠಾ ಲಘು ಪದಾತಿ ದಳದ ರೆಕಾರ್ಡ್ ಆಫೀಸು ಬೆಳಗಾವಿಯಲ್ಲೇ ಇದೆ. ಬೇರೆ ದಳದಲ್ಲಿ ಇದ್ದವರ ಕಡತ ಬೇರೆ ಊರಲ್ಲಿರುತ್ತೆ. ಪಿಂಚಣಿ ಮಂಜೂರಾಗೋದು ಪ್ರಯಾಗರಾಜ್‌ನಿಂದ, 'ಸ್ಪರ್ಶ್' ಅನ್ನೋ ಆನ್‌ಲೈನ್ ವ್ಯವಸ್ಥೆಯಲ್ಲಿ. ಸಾವಿನ ಮಾಹಿತಿಯನ್ನೂ ಅದರಲ್ಲೇ ಹಾಕಬೇಕು. ಸಿಎಸ್‌ಸಿ ಕೇಂದ್ರದಲ್ಲೂ ಮಾಡಿಸಬಹುದು. ಆದರೆ ಒಟಿಪಿ ಬರೋದು ತೀರಿಕೊಂಡವರ ಮೊಬೈಲಿಗೇ ಆಗಿದ್ದು, ಆ ಸಿಮ್ ಬಂದ್ ಆಗಿದ್ದರೆ ಅಲ್ಲೇ ನಿಂತಿತು.

ಮೂರನೆಯದು ನಾವೇ ಮಾಡಿಕೊಳ್ಳೋದು. ಎಟಿಎಂ ಕಾರ್ಡ್ ಮನೆಯಲ್ಲೇ ಇದೆ, ಪಿಂಚಣಿ ಬೀಳ್ತಾ ಇದೆ ಅಂತ ಸಾವಿನ ಸುದ್ದಿ ತಿಳಿಸದೆ ಹಣ ತೆಗೆಯೋದು. ಹೆಚ್ಚಿಗೆ ಬಂದಿದ್ದನ್ನು ಸರ್ಕಾರ ವಸೂಲಿ ಮಾಡಿಯೇ ಮಾಡುತ್ತೆ. ಕೊನೆಗೆ ವಿಧವೆಯ ಪಿಂಚಣಿಯಲ್ಲೇ ಕಡಿತ.

ಮಣ್ಣಿನ ಖರ್ಚು, ಇತರೆ ನೆರವು

ಅಂತ್ಯಕ್ರಿಯೆ ನೆರವು ಪಿಂಚಣಿ ಜೊತೆ ತಾನಾಗೇ ಬರೋದಲ್ಲ. ಬೆಳಗಾವಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಕಚೇರಿಗೆ ಹೋಗಿ ಕೇಳಿ, ಅರ್ಜಿ ಕೊಡಬೇಕು. ಅಮೆರಿಕದಲ್ಲಿ ಮಾಜಿ ಸೈನಿಕನಿಗೆ ರಾಷ್ಟ್ರೀಯ ಸ್ಮಶಾನದಲ್ಲಿ ಜಾಗ, ಹೆಸರು ಕೆತ್ತಿದ ಕಲ್ಲು ಎರಡನ್ನೂ ಸರ್ಕಾರವೇ ಕೊಡುತ್ತೆ. ನಮ್ಮಲ್ಲಿ ಖರ್ಚು ಮೊದಲು ಮನೆಯವರದ್ದೇ.

15 ವರ್ಷ ಪೂರೈಸದೆ ಬಂದ ಜವಾನರಿಗೆ ಸಾಮಾನ್ಯವಾಗಿ ಸೇವಾ ಪಿಂಚಣಿಯೇ ಇಲ್ಲ. ಅಂಥವರಿಗೆ, ಅವರ ವಿಧವೆಯರಿಗೆ ವಯಸ್ಸು 65 ದಾಟಿ, ಬೇರೆ ಆದಾಯ ಇಲ್ಲದಿದ್ದರೆ ಕೇಂದ್ರದ ಮಾಸಿಕ ನೆರವು ಇದೆ. ಹವಾಲ್ದಾರ್ ದರ್ಜೆವರೆಗಿನವರಿಗೆ ಮಾತ್ರ. 2025ರ ನವೆಂಬರ್ 1ರಿಂದ ಕೊಟ್ಟ ಅರ್ಜಿಗಳಿಗೆ ಇದು 4,000ದಿಂದ 8,000 ಆಗಿದೆ. ಮಗಳ ಮದುವೆ ನೆರವು 50,000ದಿಂದ 1 ಲಕ್ಷಕ್ಕೆ ಏರಿದೆ.

ಅಂಗಡಿಕಾರರಿಗೇನು ಸಂಬಂಧ?

ಸಂಬಂಧ ಇದೆ. ಪಿಂಚಣಿ ಆರು ತಿಂಗಳು ನಿಂತರೆ ಆ ಮನೆ ನಡೆಯೋದು ಕಿರಾಣಿ ಅಂಗಡಿಯ ಉದ್ರಿ ಮೇಲೆ, ಔಷಧ ಅಂಗಡಿಯ ಉದ್ರಿ ಮೇಲೆ. ಹಳ್ಳಿ ಪೇಟೆಯಲ್ಲಿ ಪ್ರತಿ ತಿಂಗಳು ತಪ್ಪದೆ ಬರುವ ಹಣ ಅಂದರೆ ಇಂಥ ಪಿಂಚಣಿಯೇ. ಮಳೆ ಬಂದರೂ ಬರುತ್ತೆ, ಕಬ್ಬಿನ ಬಿಲ್ ತಡವಾದರೂ ಬರುತ್ತೆ.

ಮುಂದಿನ ಮಾತು ಇನ್ನೂ ಗಂಭೀರ. 2022ರ ಅಗ್ನಿಪಥ್ ಯೋಜನೆಯಲ್ಲಿ ಸೇರಿದ ಹುಡುಗರು ಸೇವೆಯಲ್ಲಿದ್ದಾಗ ತೀರಿಕೊಂಡರೆ 48 ಲಕ್ಷದ ವಿಮೆ ಇದೆ. ಆದರೆ ನಾಲ್ಕು ವರ್ಷ ಮುಗಿಸಿ ಹೊರಬಂದವರಿಗೆ ಪಿಂಚಣಿ ಇಲ್ಲ. ಅವರಿಗಿಲ್ಲ ಅಂದಮೇಲೆ ಅವರ ಹೆಂಡತಿಗೂ ಇಲ್ಲ. ಭರ್ತಿಗೆ ಮೈದಾನದಲ್ಲಿ ಓಡುತ್ತಿರುವ ಹುಡುಗರ ಮನೆಯವರು ಇದನ್ನು ಈಗಲೇ ತಿಳಿದಿರಬೇಕು.

ಈಗ ಮಾಡಬೇಕಾದ್ದು

ಯಜಮಾನರು ಇರುವಾಗಲೇ ಮನೆಯಾಕೆಯ ಹೆಸರು, ಹುಟ್ಟಿದ ತಾರೀಖು ಪಿಂಚಣಿ ಆದೇಶದಲ್ಲಿ, ಆಧಾರ್‌ನಲ್ಲಿ, ಪ್ಯಾನ್‌ನಲ್ಲಿ, ಪಾಸ್‌ಬುಕ್‌ನಲ್ಲಿ ಒಂದೇ ಇದೆಯಾ ನೋಡಿ. ಸ್ಪರ್ಶ್ ಖಾತೆಯ ಐಡಿ ಆಕೆಗೂ ಗೊತ್ತಿರಲಿ. ಸಾವು ಆದರೆ 21 ದಿನದೊಳಗೆ ನೋಂದಣಿ ಮಾಡಿಸಿ ಮರಣ ಪ್ರಮಾಣಪತ್ರ ಪಡೆಯಿರಿ. ಕುಟುಂಬ ಪಿಂಚಣಿ ಶುರುವಾದ ಮೇಲೆ ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡೋದು ಮರೀಬೇಡಿ.

ಸರ್ಕಾರದ ಕಡೆಯಿಂದ ಆಗಬೇಕಾದ್ದು ಒಂದಿದೆ. ಬೆಳಗಾವಿಗೆ ಹೋಗಿ ಬರೋಕೆ ಮುದುಕಿಗೆ ಒಂದು ದಿನ ಪೂರ್ತಿ ಬೇಕು. ತಿಂಗಳಿಗೊಮ್ಮೆ ಸೈನಿಕ ಕಲ್ಯಾಣ ಇಲಾಖೆ ಸಿಬ್ಬಂದಿ ಹುಕ್ಕೇರಿ, ಗೋಕಾಕ, ಮೂಡಲಗಿ ತಹಶೀಲ್ದಾರ್ ಕಚೇರಿಗೇ ಬಂದು ಕುಳಿತರೆ ಅರ್ಧ ಗಂಟುಗಳು ಅಲ್ಲೇ ಬಿಚ್ಚಿಕೊಳ್ತವೆ. ಇದನ್ನು ನಮ್ಮ ಶಾಸಕರ ಮುಂದೆ, ಗ್ರಾಮಸಭೆಯಲ್ಲಿ ಕೇಳೋದು ನಮ್ಮ ಕೆಲಸ.