ಗದ್ದಲದ ನಡುವಿನ ಆಲಿಸುವಿಕೆ: ಭಾಷಾಧ್ಯಯನ ಮರೆತ ನೆಲೆ

ಕನ್ನಡದ ವ್ಯಾಕರಣ ಪರಂಪರೆ ಮಾತನಾಡುವವನನ್ನು ಕೇಂದ್ರದಲ್ಲಿರಿಸಿಕೊಂಡು ಬೆಳೆದುದು. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ನಾಭಿಮೂಲದಿಂದ ಶಬ್ದ ಹೊಮ್ಮುವ ಬಗೆಯನ್ನು ಕಹಳೆಯ ಹೋಲಿಕೆಯೊಡನೆ ವಿವರಿಸುತ್ತಾನೆ. ಆಧುನಿಕ ಧ್ವನಿವಿಜ್ಞಾನದ ಪಠ್ಯಗಳೂ ಉಚ್ಚಾರಣೆಯ ಸ್ಥಾನ, ಪ್ರಯತ್ನಗಳಿಗೆ ಕೊಟ್ಟ ಮಹತ್ವವನ್ನು ಕೇಳುವ ಕ್ರಿಯೆಗೆ ಕೊಟ್ಟಿಲ್ಲ. ಕೇಳುವುದು ಕಿವಿಯ ಕೆಲಸ, ಆದ್ದರಿಂದ ಅದು ವೈದ್ಯರ ವಿಷಯ ಎಂಬ ಗ್ರಹಿಕೆ ಇದರ ಹಿಂದಿದೆ. ಈ ಗ್ರಹಿಕೆ ಎಷ್ಟು ಅಪೂರ್ಣವೆಂಬುದು ಗದ್ದಲದ ನಡುವೆ ಮಾತನ್ನು ಆಲಿಸುವ ಬಗೆಯನ್ನು ಪರಿಶೀಲಿಸಿದಾಗ ಸ್ಪಷ್ಟವಾಗುತ್ತದೆ.

೧೯೫೩ರಲ್ಲಿ ಕಾಲಿನ್ ಚೆರ್ರಿ ಕೇಳುಗರ ಎರಡು ಕಿವಿಗಳಿಗೆ ಎರಡು ಬೇರೆ ಬೇರೆ ಮಾತುಗಳನ್ನು ಕೇಳಿಸಿ, ಒಂದನ್ನು ಮಾತ್ರ ಒಡನೊಡನೆ ಪುನರುಚ್ಚರಿಸುವಂತೆ ಹೇಳಿದನು. ಇನ್ನೊಂದು ಕಿವಿಯಲ್ಲಿ ಗಂಡುದನಿ ಹೆಣ್ಣುದನಿಯಾದುದು ಅವರಿಗೆ ತಿಳಿಯಿತು. ಇಂಗ್ಲಿಷ್ ಜರ್ಮನ್ ಆದುದು ತಿಳಿಯಲಿಲ್ಲ. ಆದರೆ ಆ ಬಾಗಿಲು ಪೂರ್ಣವಾಗಿ ಮುಚ್ಚಿರುವುದಿಲ್ಲ. ಗಮನಿಸದ ಕಿವಿಯಲ್ಲಿ ತಮ್ಮ ಹೆಸರು ಬಂದಾಗ ಕೆಲವರು ಅದನ್ನು ಗುರುತಿಸುತ್ತಾರೆಂದು ೧೯೫೯ರಲ್ಲಿ ನೆವಿಲ್ ಮೋರೆ ತೋರಿಸಿದನು. ಇಬ್ಬರು ಏಕಕಾಲದಲ್ಲಿ ಮಾತನಾಡುವಾಗ ಮಿದುಳಿನ ಶ್ರವಣಭಾಗದ ಸ್ಪಂದನವು ಗಮನವಿಟ್ಟು ಕೇಳಿದವನೊಬ್ಬನೇ ಮಾತನಾಡಿದಂತೆ ಇರುತ್ತದೆಂಬುದನ್ನು ೨೦೧೨ರಲ್ಲಿ ಮೆಸ್ಗರಾನಿ ಮತ್ತು ಚಾಂಗ್ ದಾಖಲಿಸಿದರು. ಕಿವಿ ಎಲ್ಲವನ್ನೂ ಸ್ವೀಕರಿಸುತ್ತದೆ, ಆಯ್ಕೆ ಮಿದುಳಿನದು.

ಆಯ್ಕೆಯ ಜೊತೆಗೆ ಪೂರಣವೂ ನಡೆಯುತ್ತದೆ. ೧೯೭೦ರಲ್ಲಿ ರಿಚರ್ಡ್ ವಾರನ್ ಧ್ವನಿಮುದ್ರಿತ ಇಂಗ್ಲಿಷ್ ವಾಕ್ಯವೊಂದರ ಪದದಿಂದ ಸಕಾರವನ್ನು ಕತ್ತರಿಸಿ, ಅಲ್ಲಿ ಕೆಮ್ಮಿನ ಸದ್ದನ್ನು ಸೇರಿಸಿದನು. ಕೇಳಿದ ೨೦ ಜನರಲ್ಲಿ ೧೯ ಜನ ಯಾವ ಧ್ವನಿಯೂ ತಪ್ಪಿಲ್ಲವೆಂದರು. ಇಲ್ಲದ ಸಕಾರವನ್ನು ಕೇಳಿಸಿದ್ದು ಕಿವಿಯಲ್ಲ, ಅವರ ಭಾಷಾಜ್ಞಾನ.

ಕನ್ನಡದ ರಚನೆಯನ್ನು ಈ ದೃಷ್ಟಿಯಿಂದ ನೋಡುವ ಅಗತ್ಯವಿದೆ. ‘ಅವಳು ಹೋದಳು’ ಎಂಬಲ್ಲಿ ಲಿಂಗ, ವಚನಗಳು ಎರಡು ಬಾರಿ ಸೂಚಿತವಾಗುತ್ತವೆ. ಬರಹದಲ್ಲಿ ಪುನರುಕ್ತಿಯೆನಿಸುವ ಈ ಹೊಂದಾಣಿಕೆ ಸಂತೆಯ ಗದ್ದಲದಲ್ಲಿ ರಕ್ಷಣೆಯಾಗುತ್ತದೆ. ಕರ್ತೃಪದ ಮುಳುಗಿದರೂ ಕ್ರಿಯಾಪದ ಅದನ್ನು ಎತ್ತಿಕೊಡುತ್ತದೆ. ಆದರೆ ‘ಬರಬೇಕು’, ‘ಬರಬಾರದು’ ಎಂಬಲ್ಲಿ ವಿಧಿ ನಿಷೇಧಗಳ ಭೇದವೆಲ್ಲ ಪದಾಂತ್ಯದಲ್ಲಿದೆ; ಆ ಪದವೋ ಸಾಮಾನ್ಯವಾಗಿ ವಾಕ್ಯದ ಕೊನೆಯಲ್ಲಿ, ದನಿ ತಗ್ಗುವ ಕಡೆಯಲ್ಲಿದೆ. ‘ಹಲ್ಲಿ’, ‘ಹಳ್ಳಿ’ಗಳ ಭೇದವನ್ನು ಸಂದರ್ಭ ಉಳಿಸಬಲ್ಲುದು, ‘ಬಾರದು’ ಎಂಬುದನ್ನು ಎಲ್ಲ ವೇಳೆಯೂ ಉಳಿಸಲಾರದು.

ಈ ಪ್ರಶ್ನೆ ಕೇವಲ ಶಾಸ್ತ್ರೀಯವಲ್ಲ. ಮಕ್ಕಳಲ್ಲಿ ಗದ್ದಲದ ನಡುವೆ ಮಾತನ್ನು ಗ್ರಹಿಸುವ ಶಕ್ತಿ ಹದಿಹರೆಯದವರೆಗೂ ಬೆಳೆಯುತ್ತಿರುತ್ತದೆ. ಎರಡನೆಯ ಭಾಷೆಯನ್ನು ನಿಶ್ಶಬ್ದದಲ್ಲಿ ಚೆನ್ನಾಗಿಯೇ ಗ್ರಹಿಸುವವರೂ ಗದ್ದಲದಲ್ಲಿ ಆ ಭಾಷೆಯನ್ನು ಮಾತೃಭಾಷೆಯಾಗಿ ಉಳ್ಳವರಿಗಿಂತ ಬೇಗ ಸೋಲುತ್ತಾರೆ, ಏಕೆಂದರೆ ಕಳೆದುಹೋದುದನ್ನು ತುಂಬಿಕೊಳ್ಳುವ ಬಂಡವಾಳ ಅವರಲ್ಲಿ ಕಡಿಮೆ. ಹೆದ್ದಾರಿಯ ಬದಿಯ ಶಾಲೆಯಲ್ಲಿ ಇಂಗ್ಲಿಷ್ ಪಾಠ ಕೇಳುವ ಕನ್ನಡದ ಮಗು, ಕನ್ನಡ ಪಾಠ ಕೇಳುವ ತುಳು, ಲಂಬಾಣಿ ಅಥವಾ ಉರ್ದು ಮನೆಮಾತಿನ ಮಗು ಇಬ್ಬರದೂ ಇದೇ ಸ್ಥಿತಿ. ಇಂತಹ ಮಗುವಿನ ಸೋಲನ್ನು ಅಲಕ್ಷ್ಯವೆಂದೋ ಮಂದಬುದ್ಧಿಯೆಂದೋ ಕರೆಯುವುದು ಅನ್ಯಾಯ. ತರಗತಿಯ ಹಿನ್ನೆಲೆ ಸದ್ದು ೩೫ ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ೧೯೯೯ರಲ್ಲಿ ಸೂಚಿಸಿತು. ಭಾರತದ ೨೦೦೦ದ ಶಬ್ದಮಾಲಿನ್ಯ ನಿಯಮಗಳು ಶಾಲೆಗಳ ಸುತ್ತಲಿನ ನಿಶ್ಶಬ್ದ ವಲಯಕ್ಕೆ ಹಗಲಿನಲ್ಲಿ ೫೦ ಡೆಸಿಬಲ್‌ಗಳ ಮಿತಿ ಹಾಕಿವೆ. ಶಿಕ್ಷಣ ಮಾಧ್ಯಮದ ಚರ್ಚೆ ದಶಕಗಳಿಂದ ನಡೆದಿದ್ದರೂ ಪಾಠದ ಮಾತು ಕೊನೆಯ ಸಾಲಿಗೆ ತಲುಪುತ್ತದೆಯೇ ಎಂಬ ಪ್ರಶ್ನೆ ಅದರೊಳಗೆ ತಕ್ಕ ಸ್ಥಾನ ಪಡೆದಿಲ್ಲ.

ಇದು ಪ್ರಯೋಗಾಲಯದ ವಿಷಯ, ಭಾಷಾ ವಿಭಾಗಗಳಿಗೆ ಉಪಕರಣಗಳಿಲ್ಲ ಎಂಬ ಆಕ್ಷೇಪ ಸಹಜ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದ ಪದ, ವಾಕ್ಯಗಳಿಂದ ಶ್ರವಣ ಪರೀಕ್ಷೆಗಳನ್ನು ರೂಪಿಸುವ ಕೆಲಸ ನಡೆದಿದೆ. ಆದರೆ ಯಾವ ಪ್ರತ್ಯಯ ಆಡುಮಾತಿನಲ್ಲಿ ಸವೆಯುತ್ತದೆ, ಧಾರವಾಡದ ವಾಕ್ಯ ಮಂಗಳೂರಿನ ಕಿವಿಗೆ ಎಲ್ಲಿ ತೊಡಕಾಗುತ್ತದೆ ಎಂಬುದನ್ನು ಹೇಳಬಲ್ಲವರು ಉಪಭಾಷೆಗಳನ್ನು ಅಭ್ಯಸಿಸಿದ ಕನ್ನಡ ವಿದ್ವಾಂಸರೇ. ಉಪಕರಣ ಎರವಲು ದೊರೆಯಬಹುದು. ಈ ತಿಳಿವಳಿಕೆ ದೊರೆಯದು. ಆಡುವವನ ವ್ಯಾಕರಣದ ಜೊತೆಗೆ ಕೇಳುವವನ ವ್ಯಾಕರಣವನ್ನೂ ರಚಿಸುವ ಹೊಣೆ ಕನ್ನಡ ವಿಭಾಗಗಳದೇ ಆಗಿದೆ.